ಮಗುವಿನ ಕಾಯಿಲೆಗೆ ಬರ್ಕೊಟ್ಟ ಡಯಟ್‌ನ ಮನೇಲಿ ನಡೆಸೋದು ಹೇಗೆ

ಮಗುಗೆ ಇಂಥ ಕಾಯಿಲೆ ಇದೆ ಅಂತ ಗೊತ್ತಾದ ಕೂಡ್ಲೆ ಅಪ್ಪ ಅಮ್ಮ ಕೇಳೋ ಮೊದಲನೇ ಪ್ರಶ್ನೆ ಹೆಚ್ಚುಕಮ್ಮಿ ಒಂದೇ, "ಏನೇನು ಕೊಡಬಾರದು?" ಕೇಳೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಅದು ಅರ್ಧ ಪ್ರಶ್ನೆ ಅಷ್ಟೇ. ಇನ್ನರ್ಧ, "ಅದನ್ನ ನಿಲ್ಲಿಸಿದ್ರೆ ಅದರ ಜಾಗಕ್ಕೆ ಏನು ಕೊಡ್ಬೇಕು?" ಅನ್ನೋದು. ದೊಡ್ಡೋರಾದ್ರೆ ಒಂದೆರಡು ತಿಂಗಳು ಪಥ್ಯ ಮಾಡಿ ಸ್ವಲ್ಪ ಇಳಿದುಹೋದ್ರೂ ಆಮೇಲೆ ಸುಧಾರಿಸ್ಕೋತಾರೆ, ಮಗು ಹಾಗಲ್ಲ, ಅದರ ಮೂಳೆ ಮೆದುಳು ಎಲ್ಲಾ ಈಗ್ಲೇ ಬೆಳೀತಾ ಇರುತ್ತೆ, ಹಾಲು ಬಿಡಿಸಿದ್ರೆ ಹಾಲಿನ ಜೊತೆ ಕ್ಯಾಲ್ಸಿಯಂ, ಪ್ರೋಟೀನ್, ಕೊಬ್ಬು ಮೂರೂ ಹೋಗುತ್ತೆ, ಅದು ಬೇರೆ ಕಡೆಯಿಂದ ಬರಲಿಲ್ಲ ಅಂದ್ರೆ ಕಾಯಿಲೆ ಹತೋಟಿಗೆ ಬಂದ್ರೂ ಮಗು ಮಾತ್ರ ಬೆಳೆಯೋದು ನಿಂತಿರುತ್ತೆ.

ಮೆಡಿಕಲ್ ನ್ಯೂಟ್ರಿಷನ್ ಥೆರಪಿ ಅನ್ನೋದು "ಹಣ್ಣು ತರಕಾರಿ ಚೆನ್ನಾಗಿ ತಿನ್ನಿಸಿ" ಅನ್ನೋ ಥರದ ಸಲಹೆ ಅಲ್ಲ. ಕಾಯಿಲೆ ಇಂಥದ್ದು, ಮಗು ತೂಕ ಇಷ್ಟು, ರಕ್ತದ ರಿಪೋರ್ಟ್ ಹೀಗಿದೆ, ತಗೋತಿರೋ ಔಷಧಿ ಇವು, ಹಾಗಾಗಿ ದಿನಕ್ಕೆ ಇಷ್ಟು ಕ್ಯಾಲರಿ ಇಷ್ಟು ಪ್ರೋಟೀನ್ ಅಂತ ಲೆಕ್ಕ ಹಾಕಿ, ಔಷಧಿ ಡೋಸ್ ಬರೆದ ಹಾಗೆ ಊಟ ಬರೆಯೋದು. ಡೋಸ್ ಅಂದ್ಮೇಲೆ ಮಗು ತೂಕ ಏರಿದ ಹಾಗೆ ಅದೂ ಬದಲಾಗ್ಬೇಕು, ಹೋದ ವರ್ಷದ ಚಾರ್ಟ್ ಈ ವರ್ಷಕ್ಕೆ ನಡೆಯಲ್ಲ, ಪಕ್ಕದ ಮನೆ ಮಗುವಿನ ಚಾರ್ಟ್ ಅಂತೂ ಕೇಳ್ಲೇಬೇಡಿ. ಲೆಕ್ಕ ಹಾಕೋದು ಡಾಕ್ಟರ್ ಮತ್ತು ಮಕ್ಕಳ ಡಯಟೀಷಿಯನ್ ಕೆಲಸ. ದಿನಾ ನಡೆಸೋದು ನಿಮ್ಮ ಕೆಲಸ, ಈ ಬರಹ ಇರೋದು ಅದಕ್ಕೆ.

ಮೊದಲನೇ ಭೇಟಿಗೆ ಮುಂಚೆ

ಮೂರು ದಿನದ ಊಟದ ಲೆಕ್ಕ ಬರ್ಕೊಂಡು ಹೋಗಿ, ಅದ್ರಲ್ಲಿ ಒಂದು ರಜಾ ದಿನ ಇರ್ಲಿ, ಯಾಕಂದ್ರೆ ರಜಾ ದಿನ ಎಲ್ಲಾ ಮನೇಲೂ ಊಟ ಬೇರೆ ಥರಾನೇ ಇರುತ್ತೆ. ಬರೆಯೋದು ತಟ್ಟೆಗೆ ಹಾಕಿದ್ದಲ್ಲ, ಹೊಟ್ಟೆಗೆ ಹೋಗಿದ್ದು. ಒಂದು ಬಟ್ಟಲು ಅನ್ನ ಹಾಕಿ ಅರ್ಧ ಬಿಟ್ಟಿದ್ರೆ ಅರ್ಧ ಅಂತಾನೇ ಬರೀರಿ, ಡಯಟೀಷಿಯನ್ ಮುಂದೆ ಒಳ್ಳೆ ಹೆಸರು ತಗೊಂಡು ಏನೂ ಆಗ್ಬೇಕಾಗಿಲ್ಲ. ಜ್ಯೂಸ್, ಬಿಸ್ಕತ್ತು, ಔಷಧಿ ಸಿರಪ್, ಟಾನಿಕ್, ಯಾರೋ ಹೇಳಿದ್ರು ಅಂತ ಕೊಡ್ತಿರೋ ಪುಡಿ, ಎಲ್ಲಾ ಬರೀರಿ. ಪ್ರತಿ ಊಟಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದನ್ನೂ ಬರೀರಿ, ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಒಂದೊಂದು ಊಟಕ್ಕೂ 30 ನಿಮಿಷಕ್ಕಿಂತ ಜಾಸ್ತಿ ಹಿಡೀತಾ ಇದ್ರೆ ಅದು ಹಠ ಅಂತ ತಿಳ್ಕೋಬೇಡಿ, ಅಗಿಯೋಕೆ ನುಂಗೋಕೆ ತೊಂದರೆ ಇರಬಹುದು, ಇಲ್ಲಾ ಹೃದಯದ ಕಾಯಿಲೆ ಇರೋ ಕೂಸಿಗೆ ಹಾಲು ಚೀಪೋದೇ ಆಯಾಸ ಆಗ್ತಿರಬಹುದು. ಊಟದ ನಡುವೆ ಕೆಮ್ಮು, ಗಂಟಲಲ್ಲಿ ಗೊರಗೊರ, ಪದೇ ಪದೇ ಎದೆ ಸೋಂಕು ಇದ್ರೆ ತಪ್ಪದೇ ಹೇಳಿ, ಊಟ ಶ್ವಾಸನಾಳಕ್ಕೆ ಹೋಗ್ತಿದೆಯಾ ಅಂತ ನೋಡ್ಬೇಕಾಗುತ್ತೆ.

ಜೊತೆಗೆ ಹಳೇ ತೂಕ, ಎತ್ತರದ ದಾಖಲೆ ಎಲ್ಲಾ ಹುಡುಕಿ ತಗೊಂಡು ಹೋಗಿ. ಬೆಳವಣಿಗೆ ಚಾರ್ಟ್‌ನಲ್ಲಿ ಒಂದು ಚುಕ್ಕೆಗಿಂತ ಗೆರೆ ಮುಖ್ಯ. ಮಗು ಕೆಳಗಿನ ಗೆರೆ ಮೇಲೇ ಇದ್ರೂ ಅದೇ ಗೆರೆ ಹಿಡ್ಕೊಂಡು ಹೋಗ್ತಾ ಇದ್ರೆ ಅಷ್ಟು ಗಾಬರಿ ಬೇಡ, ಮಧ್ಯದ ಗೆರೇಲಿ ಇದ್ದ ಮಗು ಆರು ತಿಂಗಳಲ್ಲಿ ಎರಡು ಗೆರೆ ಕೆಳಗೆ ಜಾರಿದ್ರೆ ಅದು ನೋಡ್ಬೇಕಾದ ವಿಷಯ, ನೋಡೋಕೆ ಗುಂಡಗಿದ್ರೂ ಸರಿ. ಐದು ವರ್ಷದೊಳಗಿನ ಮಕ್ಕಳಿಗೆ ಈಗ ಬಹಳ ಕಡೆ ಬಳಸೋದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಚಾರ್ಟ್. ತಿಂಗಳು ತುಂಬೋಕೆ ಮುಂಚೆ ಹುಟ್ಟಿದ ಮಗು ಆದ್ರೆ ಎರಡು ವರ್ಷದ ತನಕ ವಯಸ್ಸನ್ನ ಹುಟ್ಟಿದ ದಿನದಿಂದ ಅಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಾಕಿ ಚಾರ್ಟ್ ನೋಡ್ತಾರೆ, ಇದು ಗೊತ್ತಿಲ್ದೆ ಎಷ್ಟೋ ಮನೇಲಿ ಸುಮ್ನೆ ಹೆದರಿ ಕೂತಿರ್ತಾರೆ.

ಈ ಡಯಟ್ ಏನು ಕೆಲಸ ಮಾಡ್ತಿದೆ ಅಂತ ಕೇಳ್ಕೊಳ್ಳಿ

ಎಲ್ಲಾ ಡಯಟ್ ಒಂದೇ ಥರ ಅಲ್ಲ. ಕೆಲವು ಕಾಯಿಲೇಲಿ ಊಟಾನೇ ಔಷಧಿ. ಕೆಲವದ್ರಲ್ಲಿ ಔಷಧಿ ಜೊತೆ ಊಟ ಹೊಂದಿಸ್ಬೇಕು. ಇನ್ನು ಕೆಲವದ್ರಲ್ಲಿ ಊಟ ಕಾಯಿಲೆ ವಾಸಿ ಮಾಡಲ್ಲ, ಚಿಕಿತ್ಸೆ ತಡ್ಕೊಳ್ಳೋ ಶಕ್ತಿ ಕೊಡುತ್ತೆ, ಬೆಳವಣಿಗೆ ನಿಲ್ಲದ ಹಾಗೆ ನೋಡ್ಕೊಳ್ಳುತ್ತೆ. ನಿಮ್ಮ ಮಗುವಿಂದು ಯಾವುದು ಅಂತ ತಿಳ್ಕೊಂಡ್ರೆ ಎಲ್ಲಿ ಒಂದು ಚೂರೂ ಸಡಿಲ ಬಿಡಬಾರದು, ಎಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅಂತ ಗೊತ್ತಾಗುತ್ತೆ, ಇಲ್ಲಾಂದ್ರೆ ಎಲ್ಲದಕ್ಕೂ ಹೆದರಿ ಮನೆಮಂದಿಯೆಲ್ಲಾ ಸುಸ್ತಾಗ್ತೀರ.

ಊಟಾನೇ ಔಷಧಿ ಅನ್ನೋದಕ್ಕೆ ಪಿಕೆಯು ಅಂದ್ರೆ ಫೀನೈಲ್‌ಕೀಟೋನೂರಿಯಾ ತಗೊಳ್ಳಿ. ನಾರ್ವೆಯ ಆಸ್ಬ್ಯೋರ್ನ್ ಫೋಲಿಂಗ್ 1934ರಲ್ಲಿ ಗುರುತಿಸಿದ ಕಾಯಿಲೆ ಇದು, ಪ್ರೋಟೀನ್‌ನಲ್ಲಿರೋ ಫೀನೈಲ್‌ಅಲನೀನ್ ಅನ್ನೋ ಒಂದು ಅಂಶ ಕರಗಿಸೋ ಕಿಣ್ವ ಮಗುಗೆ ಸರಿಯಾಗಿ ಇರಲ್ಲ, ಅದು ರಕ್ತದಲ್ಲಿ ಏರಿ ಮೆದುಳಿಗೆ ಹಾನಿ ಮಾಡುತ್ತೆ. 1950ರ ದಶಕದ ಶುರುವಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕಲ್ ಮತ್ತವರ ಜೊತೆಗಾರರು ಆ ಅಂಶ ಕಮ್ಮಿ ಮಾಡಿದ ಆಹಾರ ಕೊಟ್ಟು ಒಂದು ಪುಟ್ಟ ಹುಡುಗಿ ಸುಧಾರಿಸೋದನ್ನ ನೋಡಿದ್ರು, ಆಮೇಲೆ ಫೀನೈಲ್‌ಅಲನೀನ್ ವಾಪಸ್ ಸೇರಿಸಿದಾಗ ಅವಳು ಮತ್ತೆ ಹಿಂದಕ್ಕೆ ಹೋದ್ಲು. "ಈಗ ಚೆನ್ನಾಗಿದ್ದಾನಲ್ಲ, ಇನ್ನು ಡಯಟ್ ಯಾಕೆ" ಅಂತ ಕೇಳೋರಿಗೆ ಅದೇ ಉತ್ತರ, ಚೆನ್ನಾಗಿರೋದೇ ಡಯಟ್‌ನಿಂದ.

ಇದನ್ನ ಮನೇಲಿ ನಡೆಸೋದು ಅಂದ್ರೆ ಹಾಲು, ಮೊಟ್ಟೆ, ಮಾಂಸ, ಕಾಳು ಇಂಥ ಪ್ರೋಟೀನ್ ಜಾಸ್ತಿ ಇರೋದನ್ನ ಪಕ್ಕಕ್ಕಿಟ್ಟು, ಆ ಜಾಗಕ್ಕೆ ಫೀನೈಲ್‌ಅಲನೀನ್ ಇಲ್ಲದ ವಿಶೇಷ ಫಾರ್ಮುಲಾ ಕೊಡೋದು. ಈ ಫಾರ್ಮುಲಾನ ಮನೆಯವರು "ಎಕ್ಸ್‌ಟ್ರಾ" ಅಂದ್ಕೊಂಡು, ಮಗು ಬೇಡ ಅಂದ ದಿನ ಬಿಟ್ಬಿಡ್ತಾರೆ, ಆದ್ರೆ ಮಗುವಿನ ಪ್ರೋಟೀನ್ ಹೆಚ್ಚಿನದು ಬರೋದೇ ಅದ್ರಿಂದ. ಬಿಟ್ರೆ ಮೈ ತನ್ನ ಸ್ವಂತ ಮಾಂಸಖಂಡ ಒಡೆದು ಪ್ರೋಟೀನ್ ಹುಡುಕುತ್ತೆ, ಅದ್ರಲ್ಲೂ ಫೀನೈಲ್‌ಅಲನೀನ್ ಇದೆ, ಮಗು ಬೇಡದ್ದೇನೂ ತಿಂದಿರಲ್ಲ ಆದ್ರೂ ರಕ್ತದ ಲೆವೆಲ್ ಏರಿರುತ್ತೆ. ಜ್ವರ ಬಂದಾಗಲೂ ಇದೇ ಕಾರಣಕ್ಕೆ ಏರೋದು. ಹಾಗಾಗಿ ದಿನದ ಫಾರ್ಮುಲಾನ ಮೂರು ನಾಲ್ಕು ಸಲಕ್ಕೆ ಹಂಚಿ ಕೊಡಿ, ಒಂದೇ ಸಲ ಕುಡಿಸಿ ಮುಗಿಸೋದು ಬೇಡ. ಪೂರ್ತಿ ಸೊನ್ನೆ ಮಾಡೋದೂ ತಪ್ಪು, ಬೆಳವಣಿಗೆಗೆ ಸ್ವಲ್ಪ ಫೀನೈಲ್‌ಅಲನೀನ್ ಬೇಕೇ ಬೇಕು, ಆ ಪ್ರಮಾಣ ರಕ್ತ ಪರೀಕ್ಷೆ ನೋಡಿ ಹೇಳ್ತಾರೆ, ಕೂಸಿಗೆ ಅಳತೆ ಮಾಡಿದ ಎದೆಹಾಲನ್ನೂ ಅದಕ್ಕೇ ಕೊಡೋಕೆ ಆಗುತ್ತೆ. ಆಸ್ಪರ್ಟೇಮ್ ಅನ್ನೋ ಕೃತಕ ಸಿಹಿ ಇರೋ ಡ್ರಿಂಕ್, ಚೂಯಿಂಗ್ ಗಮ್, ಔಷಧಿ ಬೇಡ, ಅದ್ರಲ್ಲೂ ಫೀನೈಲ್‌ಅಲನೀನ್ ಇದೆ.

ಹಾಲಿನ ಸಕ್ಕರೆಯಿಂದ ಬರೋ ಗ್ಯಾಲಕ್ಟೋಸ್‌ನ ಮೈ ಕರಗಿಸೋಕಾಗದ ಗ್ಯಾಲಕ್ಟೋಸೀಮಿಯಾ ಇನ್ನೂ ಬಿಗಿ, ಅದರ ಕ್ಲಾಸಿಕ್ ರೂಪದಲ್ಲಿ ಎದೆಹಾಲೂ ಇಲ್ಲ, ಹಸುವಿನ ಹಾಲೂ ಇಲ್ಲ, ಅದು ಗೊತ್ತಾದ ದಿನವೇ ನಿಲ್ಲಿಸಿ ಲ್ಯಾಕ್ಟೋಸ್ ಇಲ್ಲದ, ಸಾಮಾನ್ಯವಾಗಿ ಸೋಯಾ ಫಾರ್ಮುಲಾಗೆ ಹೋಗ್ಬೇಕು.

ಸೀಲಿಯಾಕ್ ಅಂದ್ರೆ ಗ್ಲುಟೆನ್ ಅನ್ನೋ ಧಾನ್ಯದ ಪ್ರೋಟೀನ್‌ನಿಂದ ಕರುಳು ಹಾಳಾಗೋ ಕಾಯಿಲೆ, ಇದ್ರಲ್ಲಿ ಗೋಧಿ, ಬಾರ್ಲಿ, ರೈ ಮೂರೂ ಜೀವನ ಪೂರ್ತಿ ಬೇಡ. ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ, ಅನುಮಾನ ಬಂತು ಅಂತ ಪರೀಕ್ಷೆಗೆ ಮುಂಚೇನೇ ಗೋಧಿ ನಿಲ್ಲಿಸ್ಬೇಡಿ. ರಕ್ತ ಪರೀಕ್ಷೆ, ಕರುಳಿನ ಬಯಾಪ್ಸಿ ಎರಡೂ ಮಗು ಗೋಧಿ ತಿಂತಾ ಇದ್ರೆ ಮಾತ್ರ ಸರಿಯಾಗಿ ತೋರಿಸೋದು, ನಿಲ್ಲಿಸಿಬಿಟ್ರೆ ಇರೋ ಕಾಯಿಲೆ ಇಲ್ಲ ಅಂತ ಬರಬಹುದು, ಆಮೇಲೆ ಮತ್ತೆ ವಾರಗಟ್ಟಲೆ ತಿನ್ನಿಸಿ ಪರೀಕ್ಷೆ ಮಾಡ್ಬೇಕು, ಆ ಹೊತ್ತಿಗೆ ಮಗು ಒದ್ದಾಡೋದನ್ನ ನೋಡೋಕಾಗಲ್ಲ. ಖಚಿತ ಆದ್ಮೇಲೆ ಮಾತ್ರ ಚೂರೂ ಬೇಡ, ಬ್ರೆಡ್ ಕತ್ತರಿಸಿದ ಚಾಕು, ಹಿಟ್ಟು ಕಲಸಿದ ಪಾತ್ರೆ, ಟೋಸ್ಟರ್, ಕರಿದ ಎಣ್ಣೆ ಎಲ್ಲಾ ಬೇರೆ. ಮಾಲ್ಟ್ ಅಂತ ಲೇಬಲ್‌ನಲ್ಲಿದ್ರೆ ಸಾಮಾನ್ಯವಾಗಿ ಬಾರ್ಲಿ ಅಂತಾನೇ ಅರ್ಥ.

ಕ್ರೋನ್ಸ್ ಅನ್ನೋ ಕರುಳಿನ ಉರಿಯೂತದ ಕಾಯಿಲೆ ಇರೋ ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆ ಊಟಾನೇ ಇಲ್ದೆ ಬರೀ ಲಿಕ್ವಿಡ್ ಫಾರ್ಮುಲಾ ಕೊಡೋ ಚಿಕಿತ್ಸೆ ಇದೆ, ಎಷ್ಟೋ ಮಕ್ಕಳಿಗೆ ಅದ್ರಿಂದಾನೇ ಕರುಳಿನ ಉರಿಯೂತ ಇಳಿದು ಸ್ಟೀರಾಯ್ಡ್ ತಪ್ಪುತ್ತೆ. ಕೇಳೋಕೆ ಸುಲಭ. ಆದ್ರೆ ಮನೇಲಿ ಎಲ್ಲರೂ ಊಟ ಮಾಡ್ತಿರುವಾಗ ಮಗು ಬರೀ ಲೋಟ ಹಿಡ್ಕೊಂಡು ಕೂರೋದು ಕಷ್ಟಾನೇ. ಫಾರ್ಮುಲಾನ ತಣ್ಣಗೆ ಮಾಡಿ, ಮುಚ್ಚಳ ಇರೋ ಲೋಟದಲ್ಲಿ ಸ್ಟ್ರಾ ಹಾಕಿ ಕೊಟ್ರೆ ವಾಸನೆ ಅಷ್ಟು ಬಡಿಯಲ್ಲ. ಕುಡಿಯೋಕೆ ಆಗಲೇ ಇಲ್ಲ ಅಂದ್ರೆ ಮೂಗಿನ ಟ್ಯೂಬ್ ದಾರಿ ಇದೆ.

ಔಷಧಿ ಜೊತೆ ಊಟ ಹೊಂದಿಸೋದು

ಟೈಪ್ 1 ಡಯಾಬಿಟಿಸ್ ಇರೋ ಮಗುಗೆ ಸಿಹಿ ನಿಲ್ಲಿಸಿದ್ರೆ ಆಯ್ತು ಅಂತ ಇನ್ನೂ ನಂಬಿರೋರು ಬಹಳ ಜನ. ಇಲ್ಲಿ ಕೆಲಸ ಕಾರ್ಬೋಹೈಡ್ರೇಟ್ ಎಣಿಸೋದು, ಅದಕ್ಕೆ ತಕ್ಕ ಇನ್ಸುಲಿನ್ ಕೊಡೋದು. ಡಾಕ್ಟರ್ ನಿಮ್ಮ ಮಗುಗೆ 15 ಗ್ರಾಂ ಕಾರ್ಬ್‌ಗೆ 1 ಯುನಿಟ್ ಅಂತ ಹೇಳಿದ್ದಾರೆ ಅನ್ಕೊಳ್ಳಿ, ಊಟದಲ್ಲಿ 45 ಗ್ರಾಂ ಕಾರ್ಬ್ ಇದ್ರೆ 3 ಯುನಿಟ್. ಈ ಅನುಪಾತ ಮಗುವಿಂದ ಮಗುಗೆ ಬೇರೆ, ಒಂದೇ ಮಗುಗೂ ಬೆಳಿಗ್ಗೆ ಒಂದು ರಾತ್ರಿ ಒಂದು ಇರಬಹುದು. ಮೊದಲ ಕೆಲವು ವಾರ ಅಡುಗೆಮನೆ ತಕ್ಕಡೀಲಿ ತೂಗಲೇಬೇಕು, ಅನ್ನ ಆಗ್ಲಿ ಆಲೂಗಡ್ಡೆ ಆಗ್ಲಿ ಬೆಂದ ಮೇಲೆ ತೂಗ್ತೀರೋ ಹಸೀಲಿ ತೂಗ್ತೀರೋ ಒಂದೇ ಪದ್ಧತಿ ಇಟ್ಕೊಳ್ಳಿ, ಬೆಂದ ಅನ್ನ ನೀರು ಹೀರಿ ತೂಕ ಜಾಸ್ತಿ ಆಗಿರುತ್ತೆ, ಹಸಿ ಅಕ್ಕಿ ಟೇಬಲ್ ನೋಡಿ ಬೆಂದ ಅನ್ನಕ್ಕೆ ಲೆಕ್ಕ ಹಾಕಿದ್ರೆ ಇನ್ಸುಲಿನ್ ಎರಡು ಮೂರು ಪಟ್ಟು ಜಾಸ್ತಿ ಹೋಗಿ ಶುಗರ್ ಅಪಾಯಕ್ಕೆ ಇಳಿಯುತ್ತೆ. ಕೆಲವು ವಾರ ತೂಗಿದ್ರೆ ಕಣ್ಣಳತೆ ಬರುತ್ತೆ, ಆದ್ರೂ ಆಗಾಗ ತೂಗಿ ನೋಡ್ಕೊಳ್ಳಿ, ಕಣ್ಣು ನಿಧಾನಕ್ಕೆ ಉದಾರಿ ಆಗಿಬಿಡುತ್ತೆ. ಶುಗರ್ ಫ್ರೀ ಅಂದ್ರೆ ಕಾರ್ಬ್ ಫ್ರೀ ಅಲ್ಲ, ಆ ಬಿಸ್ಕತ್ತಲ್ಲಿ ಹಿಟ್ಟು ಇದ್ದೇ ಇರುತ್ತೆ.

ಶುಗರ್ 70ಕ್ಕಿಂತ ಕೆಳಗೆ ಇಳಿದ್ರೆ ಗ್ಲೂಕೋಸ್ ಇಲ್ಲಾ ಸಕ್ಕರೆ ನೀರು ಇಲ್ಲಾ ಜ್ಯೂಸ್, ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಎಲ್ಲರೂ ಹೇಳೋ 15 ಗ್ರಾಂ ದೊಡ್ಡ ಮಕ್ಕಳಿಗೆ ಸರಿ, ಚಿಕ್ಕೋರಿಗೆ ಕೆಜಿಗೆ 0.3 ಗ್ರಾಂ ಲೆಕ್ಕ, ಅಂದ್ರೆ 20 ಕೆಜಿ ಮಗುಗೆ ಸುಮಾರು 6 ಗ್ರಾಂ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಮಗು ಎಚ್ಚರ ತಪ್ಪಿದ್ರೆ, ಫಿಟ್ಸ್ ಬಂದ್ರೆ ಬಾಯಿಗೆ ಏನೂ ಹಾಕ್ಬೇಡಿ, ಶುಗರ್ ಏರಿಸೋ ತುರ್ತು ಔಷಧಿ ಗ್ಲುಕಗಾನ್ ಕೊಟ್ಟು ಆಂಬ್ಯುಲೆನ್ಸ್ ಕರೀರಿ. ಇಷ್ಟು ತಿಂತೀನಿ ಅಂದು ಎರಡು ತುತ್ತಿಗೇ ಎದ್ದು ಓಡೋ ಪುಟ್ಟ ಮಕ್ಕಳ ವಿಷಯ ಬೇರೇನೇ, ಊಟಕ್ಕೆ ಮುಂಚೆ ಪೂರ್ತಿ ಇನ್ಸುಲಿನ್ ಕೊಡೋದಾ, ಒಂದು ಭಾಗ ಊಟ ಆದ್ಮೇಲೆ ಕೊಡೋದಾ ಅಂತ ಟೀಮ್ ಹತ್ರ ಮೊದಲೇ ಕೇಳಿಟ್ಕೊಳ್ಳಿ. ಇಲ್ಲಾಂದ್ರೆ ಪ್ರತಿ ಊಟಾನೂ ಯುದ್ಧ ಆಗುತ್ತೆ.

ಮೈಯೊಳಗಿನ ಲೋಳೆ ಗಟ್ಟಿಯಾಗಿ ಶ್ವಾಸಕೋಶ, ಜೀರ್ಣಾಂಗ ಕಟ್ಕೊಳ್ಳೋ ಹುಟ್ಟು ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಎಲ್ಲಾ ಉಲ್ಟಾ. ಬೇರೆ ಮಕ್ಕಳಿಗೆ ಬೆಣ್ಣೆ ಎಣ್ಣೆ ಕಮ್ಮಿ ಮಾಡಿ ಅಂದ್ರೆ ಇಲ್ಲಿ ಸಾಮಾನ್ಯವಾಗಿ ಜಾಸ್ತಿ ಮಾಡಿ, ಉಪ್ಪೂ ಜಾಸ್ತಿ ಬೇಕು ಅಂತಾರೆ, ಬೆವರಲ್ಲಿ ಅಷ್ಟು ಉಪ್ಪು ಹೋಗುತ್ತೆ. ಮೇದೋಜೀರಕ ಗ್ರಂಥಿಯಿಂದ ಜೀರ್ಣದ ಕಿಣ್ವ ಕರುಳಿಗೆ ತಲುಪದೇ ಇರೋ ಮಕ್ಕಳಿಗೆ ಪ್ರತಿ ಊಟ, ಪ್ರತಿ ತಿಂಡಿ ಜೊತೆ ಕಿಣ್ವದ ಕ್ಯಾಪ್ಸೂಲ್ ಕೊಡ್ಬೇಕು. ನುಂಗೋಕೆ ಬರದ ಮಗುಗೆ ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಸಣ್ಣ ಕಾಳುಗಳನ್ನ ಸ್ವಲ್ಪ ಹುಳಿ ಇರೋ ಹಣ್ಣಿನ ಪ್ಯೂರಿಲಿ, ಸೇಬಿನ ಪ್ಯೂರಿ ಥರದ್ರಲ್ಲಿ ಬೆರೆಸಿ ತಕ್ಷಣ ಕೊಡಿ, ಹಾಲಲ್ಲಿ ಬೆರೆಸ್ಬೇಡಿ, ಪುಡಿ ಮಾಡ್ಬೇಡಿ, ಅಗಿಯೋಕೆ ಬಿಡ್ಬೇಡಿ, ಆಮೇಲೆ ಬಾಯಲ್ಲಿ ಉಳಿದಿದೆಯಾ ನೋಡಿ, ಉಳಿದ್ರೆ ಬಾಯಿ ಹುಣ್ಣಾಗುತ್ತೆ. ಮಲ ಜಿಡ್ಡಾಗಿ, ವಾಸನೆಯಾಗಿ, ನೀರ ಮೇಲೆ ತೇಲ್ತಾ ಇದ್ರೆ ಡೋಸ್ ಸಾಲ್ತಿಲ್ಲ ಅಂತ ಸುಳಿವು, ಹೇಳಿ. ನೀವೇ ಏರಿಸ್ಕೊಂಡು ಹೋಗ್ಬೇಡಿ, ದಿನಕ್ಕೆ ಕೆಜಿಗೆ 10,000 ಲೈಪೇಸ್ (ಕೊಬ್ಬು ಕರಗಿಸೋ ಕಿಣ್ವ) ಯುನಿಟ್ ಅನ್ನೋ ಮಿತಿ ಇದೆ.

ಫಿಟ್ಸ್‌ಗೆ ಕೊಡೋ ಕೀಟೋಜೆನಿಕ್ ಡಯಟ್ ಬಗ್ಗೆ ಸ್ವಲ್ಪ ಉದ್ದ ಹೇಳ್ಬೇಕು, ಯಾಕಂದ್ರೆ ತೂಕ ಇಳಿಸೋರು ಮಾಡೋ ಕೀಟೋ ನೋಡಿ ಇದನ್ನೂ ಮನೇಲೇ ಶುರು ಮಾಡೋಣ ಅನ್ನೋರಿದ್ದಾರೆ. ದಯವಿಟ್ಟು ಬೇಡ. 1921ರಲ್ಲಿ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಇದನ್ನ ಅಪಸ್ಮಾರಕ್ಕೆ ಅಂತಾನೇ ಮುಂದಿಟ್ಟಿದ್ದು, ಉಪವಾಸ ಇದ್ದಾಗ ಫಿಟ್ಸ್ ಕಮ್ಮಿ ಆಗೋದು ಮೊದಲೇ ಗೊತ್ತಿತ್ತು, ಉಪವಾಸ ಇಲ್ದೇನೇ ಅದೇ ಸ್ಥಿತಿ ತರೋಕೆ ಊಟದಲ್ಲಿ ಕೊಬ್ಬು ಏರಿಸಿದ್ರು. ಕ್ಲಾಸಿಕ್ 4:1 ಡಯಟ್ ಅಂದ್ರೆ ಪ್ರೋಟೀನ್ ಮತ್ತು ಕಾರ್ಬ್ ಎರಡೂ ಸೇರಿ 1 ಗ್ರಾಂ ಇದ್ರೆ ಕೊಬ್ಬು 4 ಗ್ರಾಂ, ಲೆಕ್ಕ ಹಾಕಿದ್ರೆ ಕ್ಯಾಲರಿಯಲ್ಲಿ 90 ಪರ್ಸೆಂಟ್ ಕೊಬ್ಬಿಂದಾನೇ. ಕೆಲವು ಮೆಟಬಾಲಿಕ್ ಕಾಯಿಲೇಲಿ, ಉದಾಹರಣೆಗೆ ಕೊಬ್ಬನ್ನ ಶಕ್ತಿಯಾಗಿ ಮಾಡ್ಕೊಳ್ಳೋಕೆ ಮೈಗೆ ಬರದೇ ಇದ್ದಾಗ, ಈ ಡಯಟ್ ಪ್ರಾಣಕ್ಕೇ ಬರುತ್ತೆ, ಅದಕ್ಕೇ ಶುರು ಮಾಡೋಕೆ ಮುಂಚೆ ಪರೀಕ್ಷೆ ಕಡ್ಡಾಯ. ಗ್ಲುಟ್1 ಕೊರತೆ ಅನ್ನೋ ಕಾಯಿಲೇಲಿ ಇದೇ ಮೊದಲನೇ ಚಿಕಿತ್ಸೆ, ಅಲ್ಲಿ ಗ್ಲೂಕೋಸ್ ಮೆದುಳಿಗೆ ಸರಿಯಾಗಿ ತಲುಪಲ್ಲ, ಕೊಬ್ಬು ಕರಗಿದಾಗ ಮೈಲಿ ಆಗೋ ಕೀಟೋನ್ ತಲುಪುತ್ತೆ.

ನಡೆಸೋರಿಗೆ ಮುಖ್ಯ ಇಷ್ಟು. ಗ್ರಾಂ ತೂಗೋ ತಕ್ಕಡಿ ಬೇಕು, ಚಮಚದ ಅಂದಾಜು ಸಾಲಲ್ಲ. ಬಟ್ಟಲಿಗೆ ಅಂಟಿದ ಎಣ್ಣೆ ಬೆಣ್ಣೆನೂ ಲೆಕ್ಕದ್ದೇ, ಸ್ಪಾಚುಲಾದಲ್ಲಿ ಕೆರೆದು ತಿನ್ನಿಸಿ. ಔಷಧಿ ಸಿರಪ್‌ನಲ್ಲಿರೋ ಸಕ್ಕರೆ ಮರೀಬೇಡಿ, ಕೆಮ್ಮಿಗೆ ಅಂತ ಕೊಟ್ಟ ಎರಡು ಚಮಚ ಕೀಟೋನ್ ಇಳಿಸಿ ಫಿಟ್ಸ್ ವಾಪಸ್ ತರಬಹುದು, ಪ್ರತಿ ಸಲ ಔಷಧಿ ಅಂಗಡೀಲಿ ಸಕ್ಕರೆ ಇಲ್ಲದ ರೂಪ ಇದೆಯಾ ಕೇಳಿ, ಟೂತ್‌ಪೇಸ್ಟ್‌ಗೂ ಅಷ್ಟೇ. ಈ ಊಟದಲ್ಲಿ ವಿಟಮಿನ್, ಕ್ಯಾಲ್ಸಿಯಂ ಸಾಲಲ್ಲ, ಸಪ್ಲಿಮೆಂಟ್ ಇಲ್ದೆ ನಡೆಸೋ ಹಾಗೇ ಇಲ್ಲ. ಮಲಬದ್ಧತೆ ಬಂದೇ ಬರುತ್ತೆ ಅಂದ್ಕೊಂಡೇ ಇರಿ, ನೀರು ಕಮ್ಮಿ ಮಾಡ್ಬೇಡಿ, ಕಿಡ್ನಿ ಸ್ಟೋನ್ ಆಗೋ ಸಾಧ್ಯತೆ ಇದೆ. ಮೂರು ತಿಂಗಳು ಮಾಡಿ ನೋಡಿ ಉಪಯೋಗ ಇದೆಯಾ ಇಲ್ವಾ ಅಂತ ತೀರ್ಮಾನ ಮಾಡ್ತಾರೆ, ಸುಮಾರು ಅರ್ಧದಷ್ಟು ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ಕಮ್ಮಿ ಆಗುತ್ತೆ, ಆಗ್ಲಿಲ್ಲ ಅಂದ್ರೆ ನಿಮ್ಮ ಅಡುಗೆ ಸರಿಯಿಲ್ಲ ಅಂತ ಅಲ್ಲ. ನಿಲ್ಲಿಸೋವಾಗಲೂ ಅವರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಿ, ಬೇಜಾರಾಯ್ತು ಅಂತ ಒಂದೇ ದಿನ ಬ್ರೆಡ್ ಕೊಡ್ಬೇಡಿ.

ಬೆಳವಣಿಗೆ ಉಳಿಸ್ಕೊಳ್ಳೋ ಡಯಟ್

ಹೃದಯದಲ್ಲಿ ತೊಂದರೆ ಇರೋ ಕೂಸುಗಳು ಉಸಿರಾಟಕ್ಕೇ ಅಷ್ಟು ಶಕ್ತಿ ಖರ್ಚು ಮಾಡ್ತವೆ, ಎಷ್ಟೋ ಸಲ ಕೆಜಿಗೆ 120ರಿಂದ 150 ಕ್ಯಾಲರಿ ಬೇಕಾಗುತ್ತೆ, ಆದ್ರೆ ನೀರಿನಂಶ ಜಾಸ್ತಿ ಕೊಡೋ ಹಾಗಿಲ್ಲ. ಹಾಗಾಗಿ ಹಾಲನ್ನೇ ಗಟ್ಟಿ ಮಾಡೋದು. ಇದನ್ನ ಡಯಟೀಷಿಯನ್ ಬರ್ಕೊಟ್ಟ ಅಳತೇಲೇ ಮಾಡಿ, ಡಬ್ಬದ ಪುಡಿ ಇನ್ನೊಂದು ಚಮಚ ಹಾಕಿದ್ರೆ ಒಳ್ಳೇದಲ್ವಾ ಅಂತ ನೀವೇ ಹಾಕಿದ್ರೆ ಉಪ್ಪು, ಪ್ರೋಟೀನ್ ಎಲ್ಲಾ ಏರಿ ಕಿಡ್ನಿಗೆ ಹೊರೆ ಆಗುತ್ತೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದು ಟೀ ಚಮಚ ಎಣ್ಣೆ ಬೆರೆಸಿದ್ರೆ ಸುಮಾರು 40 ಕ್ಯಾಲರಿ ಸೇರುತ್ತೆ, ಹೊಟ್ಟೇಲಿ ಜಾಗಾನೂ ಹಿಡಿಯಲ್ಲ.

ಕಿಡ್ನಿ ಕಾಯಿಲೇಲಿ ದೊಡ್ಡೋರ ಪಥ್ಯ ಮಕ್ಕಳಿಗೆ ಹಾಕೋದು ದೊಡ್ಡ ತಪ್ಪು. ದೊಡ್ಡೋರಿಗೆ ಪ್ರೋಟೀನ್ ಕಡಿಮೆ ಮಾಡ್ತಾರೆ, ಮಗುಗೆ ಬೆಳವಣಿಗೆಗೆ ಬೇಕಾದಷ್ಟು ಕೊಡ್ಲೇಬೇಕು, ಅದರ ಪ್ರಮಾಣ ಟೀಮ್ ಹೇಳುತ್ತೆ. ಪೊಟ್ಯಾಸಿಯಂ ಏರಿದೆ ಅಂತ ರಿಪೋರ್ಟ್ ಬಂದ್ರೆ ಆಲೂಗಡ್ಡೆ ಥರದ್ದನ್ನ ಸಣ್ಣಗೆ ಹೆಚ್ಚಿ ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿ. ಲೋ ಸೋಡಿಯಂ ಉಪ್ಪು ಅಂತ ಸಿಗೋದ್ರಲ್ಲಿ ಬಹಳ ಸಲ ಇರೋದೇ ಪೊಟ್ಯಾಸಿಯಂ ಕ್ಲೋರೈಡ್, ಕಿಡ್ನಿ ಮಗುಗೆ ಅದು ಅಪಾಯ. ಪ್ಯಾಕೆಟ್ ಆಹಾರದ ಲೇಬಲ್‌ನಲ್ಲಿ ಫಾಸ್ಫೇಟ್ ಅಂತ ಎಲ್ಲೇ ಕಂಡ್ರೂ ವಾಪಸ್ ಇಡಿ, ಸೇರಿಸಿದ ಫಾಸ್ಫೇಟ್ ಮೈಗೆ ಬೇಗ ಜಾಸ್ತಿ ಸೇರುತ್ತೆ. ಫಾಸ್ಫೇಟ್ ಬೈಂಡರ್ ಮಾತ್ರೆ ಕೊಟ್ಟಿದ್ರೆ ಊಟದ ಜೊತೇನೇ, ಎರಡು ಗಂಟೆ ಆದ್ಮೇಲೆ ನೆನಪಾಗಿ ಕೊಟ್ರೆ ಅದು ಹಿಡಿಯೋಕೆ ಏನೂ ಇರಲ್ಲ.

ಹಾಲಿನ ಅಲರ್ಜಿ ಮತ್ತು ಲ್ಯಾಕ್ಟೋಸ್ ಆಗದೇ ಇರೋದು ಬೇರೆ ಬೇರೆ, ಮೊದಲನೇದು ಪ್ರೋಟೀನ್ ವಿಷಯ, ಎರಡನೇದು ಸಕ್ಕರೆ ವಿಷಯ. ಅಲರ್ಜಿ ಇರೋ ಕೂಸಿಗೆ ಲ್ಯಾಕ್ಟೋಸ್ ಫ್ರೀ ಹಾಲು ಉಪಯೋಗ ಇಲ್ಲ, ಆಡಿನ ಹಾಲೂ ಬೇಡ, ಹಸು, ಆಡು ಎರಡರ ಹಾಲಿನ ಪ್ರೋಟೀನೂ ಒಂದಕ್ಕೊಂದು ಹತ್ತಿರದ್ದು. ಲೇಬಲ್‌ನಲ್ಲಿ ಕೇಸೀನ್, ವೇ ಅಂತ ಇದ್ರೆ ಹಾಲೇ.

ತೀರಾ ಬಡಕಲಾಗಿರೋ ಮಗು ವಿಷಯದಲ್ಲಿ ಒಂದು ಎಚ್ಚರಿಕೆ. 6 ತಿಂಗಳಿಂದ 5 ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುಗೆ ಪಾಪ ಅಂತ ಒಂದೇ ಸಲ ಹೊಟ್ಟೆ ತುಂಬಾ ತಿನ್ನಿಸಿದ್ರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಇಳಿದು ಹೃದಯಕ್ಕೇ ಅಪಾಯ ಆಗಬಹುದು. ಅದಕ್ಕೇ ಆಸ್ಪತ್ರೇಲಿ ಮೊದಲು 100 ಮಿಲಿಗೆ 75 ಕ್ಯಾಲರಿ ಇರೋ ಎಫ್-75 ಹಾಲನ್ನ ಸ್ವಲ್ಪ ಸ್ವಲ್ಪ ಕೊಟ್ಟು, ಮಗು ಸ್ಥಿರ ಆದ್ಮೇಲೆ 100 ಕ್ಯಾಲರಿಯ ಎಫ್-100 ಇಲ್ಲಾ ಕಡಲೆಕಾಯಿ ಪೇಸ್ಟ್ ಥರದ ಸಿದ್ಧ ಆಹಾರಕ್ಕೆ ಹೋಗ್ತಾರೆ.

ಟ್ಯೂಬ್ ಹಾಕಿದ್ದಾರೆ ಅಂದ್ರೆ

ಟ್ಯೂಬ್ ಅಂದ ತಕ್ಷಣ ಮನೆಯವರು ಸೋತು ಹೋದ ಹಾಗೆ ಕೂತ್ಬಿಡ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ ದಿನಕ್ಕೆ ನಾಲ್ಕೈದು ಗಂಟೆ ಬಾಯಿ ತೆರೆಸೋಕೆ ಒದ್ದಾಡಿ ಅಮ್ಮನೂ ಮಗುನೂ ಅಳೋದಕ್ಕಿಂತ ಟ್ಯೂಬ್ ಎಷ್ಟೋ ವಾಸಿ, ಬೇಕಾದ ಕ್ಯಾಲರಿ ಟ್ಯೂಬಲ್ಲಿ ಹೋದ್ರೆ, ನುಂಗೋದು ಸುರಕ್ಷಿತ ಅಂತ ಹೇಳಿರೋ ಮಗುಗೆ ಬಾಯಿಗೆ ರುಚಿಗೆ ಅಂತ ಎರಡು ಚಮಚ ಖುಷಿಯಾಗಿ ಕೊಡಬಹುದು. ಮೂಗಿನ ಟ್ಯೂಬ್ ಆದ್ರೆ ಪ್ರತಿ ಸಲ ಕೊಡೋಕೆ ಮುಂಚೆ ಅದು ಹೊಟ್ಟೇಲೇ ಇದೆಯಾ ಅಂತ ಕಲಿಸಿಕೊಟ್ಟ ರೀತೀಲಿ ನೋಡಿ. ಅನುಮಾನ ಬಂದ್ರೆ ಕೊಡ್ಲೇಬೇಡಿ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತರ ಇರ್ಲಿ, ಕೊಟ್ಟು ಅರ್ಧ ಗಂಟೆಯಾದ್ರೂ ಮಲಗಿಸ್ಬೇಡಿ. ಊಟಕ್ಕೆ ಮುಂಚೆ, ಆಮೇಲೆ, ಪ್ರತಿ ಔಷಧಿ ಆದ್ಮೇಲೆ ಹೇಳಿದಷ್ಟು ನೀರು ಬಿಡಿ, ಟ್ಯೂಬ್ ಕಟ್ಕೊಳ್ಳೋದು ಹೆಚ್ಚಾಗಿ ಔಷಧಿಯಿಂದ. ಪುಡಿ ಕಲಸಿದ ಫಾರ್ಮುಲಾನ ಹೊರಗೆ 4 ಗಂಟೆಗಿಂತ ಜಾಸ್ತಿ ನೇತುಹಾಕ್ಬೇಡಿ. ಟ್ಯೂಬ್ ತಿಂಗಳುಗಟ್ಟಲೆ ಬೇಕಾಗುತ್ತೆ ಅಂದ್ರೆ ಹೊಟ್ಟೆಗೇ ನೇರ ಹಾಕೋ ಗ್ಯಾಸ್ಟ್ರೋಸ್ಟಮಿ ಬಗ್ಗೆ ಅವರೇ ಮಾತಾಡ್ತಾರೆ.

ಹುಷಾರು ತಪ್ಪಿದ ದಿನ

ಬರ್ಕೊಟ್ಟ ಡಯಟ್ ಮುರಿದು ಬೀಳೋದು ಇಂಥ ದಿನಗಳಲ್ಲೇ. ಜ್ವರ, ವಾಂತಿ ಇದ್ದಾಗ ಏನು ಮಾಡ್ಬೇಕು ಅನ್ನೋ ಪ್ಲಾನ್ ಬರವಣಿಗೇಲಿ ಕೇಳಿ ತಗೊಳ್ಳಿ, ಅದರ ಫೋಟೋ ಮನೇಲಿ ಎಲ್ಲರ ಫೋನ್‌ನಲ್ಲೂ ಇರ್ಲಿ. ಡಯಾಬಿಟಿಸ್ ಮಗು ಊಟ ಮಾಡ್ಲಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸೋ ಹಾಗಿಲ್ಲ, ಕೀಟೋನ್ ಚೆಕ್ ಮಾಡ್ತಾ ಟೀಮ್‌ಗೆ ಫೋನ್ ಮಾಡಿ. ಎಂಸಿಎಡಿ ಥರದ ಕೊಬ್ಬು ಕರಗದ ಕಾಯಿಲೆ ಇರೋ ಮಗುಗೆ ಹೊಟ್ಟೆ ಖಾಲಿ ಬಿಡೋದೇ ಅಪಾಯ, ವಾಂತಿ ಮಾಡ್ತಿದೆ, ಏನೂ ನಿಲ್ತಿಲ್ಲ ಅಂದ್ರೆ ಬೆಳಗಾಗ್ಲಿ ನೋಡೋಣ ಅನ್ಬೇಡಿ, ಗ್ಲೂಕೋಸ್ ಡ್ರಿಪ್‌ಗೆ ರಾತ್ರೀನೇ ಹೊರಡಿ, ಕೈಯಲ್ಲಿ ಎಮರ್ಜೆನ್ಸಿ ಪತ್ರ ಇದ್ರೆ ಅಲ್ಲಿ ಯಾರಿಗೂ ಮೊದಲಿಂದ ವಿವರಿಸ್ಬೇಕಾಗಿಲ್ಲ. ಮೈಲಿ ಕೂಡಿಟ್ಟ ಸಕ್ಕರೆನ ಬೇಕಾದಾಗ ಬಿಡಿಸ್ಕೊಳ್ಳೋಕಾಗದ ಗ್ಲೈಕೋಜನ್ ಶೇಖರಣೆ ಕಾಯಿಲೇಲಿ ಬೇಯಿಸದ ಜೋಳದ ಪಿಷ್ಟವನ್ನ ತಣ್ಣೀರಲ್ಲಿ ಕದಡಿ ಹೊತ್ತುಹೊತ್ತಿಗೆ ಕೊಡ್ತಾರೆ, ಬಿಸಿ ಮಾಡಿದ್ರೆ ಅದು ಬೇಗ ಜೀರ್ಣ ಆಗಿ ಶುಗರ್ ಹಿಡಿದಿಡಲ್ಲ, ಹಾಗಾಗಿ ಅಜ್ಜಿ ಪ್ರೀತಿಯಿಂದ ಬೆಚ್ಚಗೆ ಮಾಡಿ ಕೊಟ್ರೂ ತೊಂದರೇನೇ, ರಾತ್ರಿ ಅಲಾರಂ ಇಟ್ಟು ಏಳೋದೂ ತಪ್ಪಿಸೋ ಹಾಗಿಲ್ಲ.

ಮನೆ, ಸ್ಕೂಲು, ಬೇರೆಯವರು

ಮಗುಗೆ ಮಾತ್ರ ಬೇರೆ ಅಡುಗೆ ಮಾಡಿದ್ರೆ ಬೇಗ ಬೇಸರ ಬರುತ್ತೆ, ಆದಷ್ಟು ಎಲ್ಲರೂ ತಿನ್ನೋದನ್ನೇ ಮಾಡಿ ಕೊನೇಲಿ ಮಗುವಿನ ಪಾಲು ತೆಗೆದು ಅದಕ್ಕೆ ಬೇಕಾದ್ದು ಸೇರಿಸಿ ಇಲ್ಲಾ ಬಿಡಿ. ಸ್ಕೂಲಿಗೆ ಒಂದು ಪುಟದ ಕಾಗದ ಸಾಕು, ಏನು ಕೊಡಬಾರದು, ಏನಾದ್ರೂ ಆದ್ರೆ ಹೇಗೆ ಕಾಣುತ್ತೆ, ಮೊದಲು ಏನು ಮಾಡ್ಬೇಕು, ಯಾರಿಗೆ ಫೋನ್. ಬರ್ತ್‌ಡೇಗೆ ಹೋಗೋ ದಿನ ಮಗು ತಿನ್ನೋ ಥರದ್ದೇ ಒಂದು ಡಬ್ಬಿ ಮೊದಲೇ ಸಿದ್ಧ ಇರ್ಲಿ. "ಒಂದು ಚೂರು ತಿಂದ್ರೆ ಏನಾಗುತ್ತೆ" ಅನ್ನೋ ನೆಂಟರಿಗೆ ಉದ್ದ ಪಾಠ ಮಾಡೋಕೆ ಹೋಗ್ಬೇಡಿ, "ಡಾಕ್ಟರ್ ಹೇಳಿದ್ದಾರೆ" ಅಂದು ಮುಗಿಸಿ.

ಮಗುನ ಗದರಿಸಿ ತಿನ್ನಿಸೋದು, ತಿಂದ್ರೆ ಬಹುಮಾನ ಕೊಡೋದು ಎರಡೂ ಬೇಗ ಕೈಕೊಡುತ್ತೆ. ಏನು ಕೊಡೋದು, ಯಾವಾಗ ಕೊಡೋದು ನಿಮ್ಮ ಕೈಲಿರ್ಲಿ, ಎಷ್ಟು ತಿನ್ನೋದು ಮಗುಗೆ ಬಿಡಿ, ಫಾರ್ಮುಲಾ ಥರ ಔಷಧಿಯೇ ಆಗಿರೋದನ್ನ ಮಾತ್ರ ಊಟದ ಮಾತಿಗೆ ಬೆರೆಸದೇ ಔಷಧಿ ಅಂತಾನೇ ಕೊಡಿ. ಎಂಟ್ಹತ್ತು ವರ್ಷ ಆಗ್ತಾ ಲೇಬಲ್ ಓದೋಕೆ, ತೂಗೋಕೆ ಮಗುಗೇ ಕಲಿಸಿ.

ಯಾರೋ ಹೇಳಿದ ವಿಟಮಿನ್, ಗಿಡಮೂಲಿಕೆ ಪುಡಿ ಶುರು ಮಾಡೋಕೆ ಮುಂಚೆ ತೋರಿಸಿ, ಎ ಮತ್ತು ಡಿ ವಿಟಮಿನ್ ಮೈಯಲ್ಲೇ ಉಳ್ಕೊಂಡು ವಿಷ ಆಗಬಹುದು, ಕಿಡ್ನಿ ಕಾಯಿಲೇಲಿ ಇನ್ನೂ ಬೇಗ.

ಮುಂದಿನ ಭೇಟಿ ಯಾವಾಗ ಅಂತ ಕೇಳದೇ ಆಸ್ಪತ್ರೆ ಬಿಡ್ಬೇಡಿ. ಕೂಸು ಆದ್ರೆ ವಾರ ಎರಡು ವಾರಕ್ಕೇ ತೂಕ ನೋಡ್ಬೇಕಾಗಬಹುದು, ದೊಡ್ಡ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ. ತೂಕ ನಿಂತ್ರೆ ಇಲ್ಲಾ ಇಳಿದ್ರೆ, ಒಂದು ದಿನಕ್ಕಿಂತ ಜಾಸ್ತಿ ಫಾರ್ಮುಲಾ ಒಲ್ಲೆ ಅಂದ್ರೆ, ಔಷಧಿ ಬದಲಾದ್ರೆ, ಊಟದ ಹೊತ್ತಲ್ಲಿ ಹೊಸದಾಗಿ ಕೆಮ್ಮು ಶುರುವಾದ್ರೆ ಆ ತಾರೀಖಿನ ತನಕ ಕಾಯ್ಬೇಡಿ, ಫೋನ್ ಮಾಡಿ. ಹೋಗುವಾಗ ಮತ್ತೆ ಮೂರು ದಿನದ ಊಟದ ಲೆಕ್ಕ, ಆಗ ನಡೀತಿರೋ ಔಷಧಿ ಪಟ್ಟಿ, ಕಳೆದ ಸಲದ ಚಾರ್ಟ್ ಮೂರೂ ಜೊತೇಲಿರ್ಲಿ, ಅದ್ರಲ್ಲಿ ನಿಮ್ಮ ಮನೇಲಿ ನಡೆಯದೇ ಹೋದ ಸಾಲುಗಳ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅಲ್ಲಿಗೆ ಬೇರೆ ಏನು ಕೊಡಬಹುದು ಅಂತ ಕೇಳಿ.